ತಂಗಿ ಆರಿಸಿದ ಕಾಯಿ

ಇವತ್ತು ಬೆಳಿಗ್ಗೆ ಚಟ್ನಿಗೆಂದು ಒಡೆದ ಕಾಯಿ ಕೆಟ್ಟಿತ್ತು. ಅರಸೀಕೆರೆಯಲ್ಲಿದ್ದುಕೊಂಡು ನೆಟ್ಟಗೆ ಒಂದು ಕಾಯಿ ತರಲಾರಿರಲ್ಲ ಎಂದು ಹೆಂಡತಿ ಆಡಿಕೊಂಡಳು. ನನಗೋ, ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ತಂಗಿ ಗಿರಿಜೆಯ ನೆನಪಾಯಿತು.

ಅವಳನ್ನು ಕಣಕಟ್ಟೆಯ ತೆಂಗಿನ ತೋಟದವರ ಮನೆಗೆ ಕೊಟ್ಟಿದ್ದೇವೆ. ಚಿಕ್ಕಂದಿನಿಂದಲೂ ಕಾಯಿಯನ್ನು ತಟ್ಟಿ, ಸದ್ದಿನಲ್ಲೇ ಒಳಗಿನ ಹೂರಣ ಹೇಳುವವಳೆಂದು ಅವಳಿಗೆ ಹೆಸರು. ಆರು ವರ್ಷದ ಹಿಂದೆ ತನ್ನ ಸೀಮಂತದ ಪೂಜೆಗೂ ಕಾಯಿ ತಾನೇ ಆರಿಸಿದಳು. ಒಡೆದರೆ ಕೆಟ್ಟಿತ್ತು. ಪೂಜೆಯ ಕಾಯಿ ಕೆಟ್ಟರೆ ಕೇಡು ಎಂಬುದು ನಮ್ಮಲ್ಲಿ ಎದೆಹಾಲಿನ ಜೊತೆಗೇ ಬಂದ ನಂಬಿಕೆ. ಎಂಟು ದಿನಕ್ಕೆ ಮಗು ಹೊಟ್ಟೆಯಲ್ಲೇ ಹೋಯಿತು. ತನ್ನ ಕೈಯೇ ಮಗುವನ್ನು ಕೊಂದಿತೆಂದು ಗಿರಿಜೆ ಊಟ ಬಿಟ್ಟಳು, ಮಾತು ಬಿಟ್ಟಳು. ಕಣ್ಣೀರೂ ಬರಲಿಲ್ಲ.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಸುದ್ದಿ ಕೇಳಿ ಕಣಕಟ್ಟೆಗೆ ಹೋಗಿ, ಬಸ್ಸಿಳಿದವನೇ ಪಾಠ ಶುರು ಮಾಡಿದೆ. ಹೊಗೆ ಕಂಡಲ್ಲೆಲ್ಲ ಬೆಂಕಿಯುಂಟು ಎನ್ನಬೇಕಾದರೆ ಬೆಂಕಿಯಿಲ್ಲದ ಹೊಗೆ ಎಲ್ಲೂ ಇರಬಾರದು, ನಿನ್ನ ಕಾಯಿಗೂ ಮಗುವಿಗೂ ಅಂಥ ನಂಟೆಲ್ಲಿದೆ ಎಂದೆಲ್ಲ ಕೊರೆದೆ. ಅವಳು ಅಷ್ಟೂ ಕೇಳಿಸಿಕೊಂಡಳು.

“ನೀನೇ ಗೆದ್ದೆ ಬಿಡಣ್ಣ. ನನ್ ಮಗು ಎಲ್ಲೈತೆ?”

ನಾಚಿಕೆಯಾಯಿತು, ನಿಮ್ಮಲ್ಲಿ ಮುಚ್ಚುಮರೆ ಏನು. ಮರುದಿನ ಬಾಯಿ ಮುಚ್ಚಿಕೊಂಡು ಅವಳ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ: ಅವಳು ಆರಿಸಿದ ಪೂಜೆಯ ಕಾಯಿ ಅದಕ್ಕೆ ಮುಂಚೆ ಎಂದಾದರೂ ಕೆಟ್ಟಿತ್ತೇ?

“ನಿನ್ ಮದ್ವೇಲಿ ಕೆಟ್ಟಿತ್ತು. ಅಮ್ಮ ಸೆರಗಲ್ಲಿ ಮುಚ್ಕೊಂಡೋಗಿ ಬೇರೆ ತಂದಿಟ್ಲು. ನಿಂಗೆ ಹೇಳ್ಬೇಡ ಅಂದಿದ್ಲು.”

ಶಾಸ್ತ್ರವೆಲ್ಲ ಹುಡುಕಿ ನಾನು ಕೊಡಲಾರದೆ ಹೋದ ಉದಾಹರಣೆ ನನ್ನ ಸಂಸಾರವೇ ಆಗಿತ್ತು. ನಾನೂ ಅವಳ ಅತ್ತಿಗೆಯೂ ಆಗಲೇ ಹನ್ನೆರಡು ವರ್ಷದಿಂದ ಚೆನ್ನಾಗಿಯೇ ಇದ್ದದ್ದು ಅವಳಿಗೆ ಗೊತ್ತು.

“ಹಂಗಾದ್ರೆ ನನ್ನಿಂದ ಅಲ್ವಾ ಅಣ್ಣ?” ಎಂದಳು.

ಅಲ್ಲ ಎಂದೆ. ಆಗ ಅಳು ಬಂತು. ಹೆಣ್ಣಾದರೆ ಭೂಮಿಕಾ ಎಂದು ಕರೆಯಬೇಕೆಂದಿದ್ದಳಂತೆ. ಹೆಣ್ಣೇ ಆಗಿತ್ತು. ಆ ಹೆಸರು ಹಿಡಿದು ಸಂಜೆಯವರೆಗೂ ಅತ್ತಳು, ನಾನೂ ಅತ್ತೆ.

ತರ್ಕದಿಂದ ದುಃಖ ಹೋಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಎಷ್ಟೋ ಸಲ ದುಃಖದ ಕೆಳಗೆ, ಯಾರೂ ಪರೀಕ್ಷಿಸದ ಒಂದು ನಿಯಮ ಕೂತಿರುತ್ತದೆ. ಅದನ್ನು ನೊಂದವರೇ ಎತ್ತಿ ನೋಡಬೇಕು, ಹತ್ತಿರ ಕೂತವರು ಕೇಳಬೇಕು. ಕಾಲೇಜಿನ ಆಪ್ತ ಸಮಾಲೋಚನೆಯ ಕೋಣೆಯಲ್ಲಿ ಈಗ ನಾನು ಮಾಡುವುದು ಅಷ್ಟೇ. ಅದು ಕೆಲಸ ಮಾಡುತ್ತದೆಂದು ಧೈರ್ಯವಾಗಿ ಹೇಳಬಲ್ಲೆ.

ತಿಂಡಿ ಮುಗಿಸಿ ಗಿರಿಜೆಗೆ ಫೋನ್ ಮಾಡಿದೆ. ತೋಟದಲ್ಲಿದ್ದಳು. ಅದೂ ಇದೂ ಮಾತಾಡಿದ ಮೇಲೆ, “ಈ ವರ್ಷ ನಮ್ ಭೂಮಿಕಾ ಒಂದ್ನೇ ಕ್ಲಾಸು, ಅಲ್ವಾ ಅಣ್ಣ?” ಎಂದಳು.

ತರ್ಕದ ಮೇಷ್ಟರು ಒಪ್ಪುವ ಮಾತಲ್ಲ ಅದು. “ಹೂಂ ಕಣಮ್ಮ” ಎಂದೆ.