ಕೈಯಾರೆ ತಂದುಕೊಡಬೇಕಿದ್ದ ಗಾಲಿ

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಒಂದು ರೂಮು, ಅಡುಗೆಮನೆ, ಬಟ್ಟೆ ಒಣಗಿಸಲು ಒಂದಿಷ್ಟು ಟೆರೇಸು. ರೂಮಿನ ಗೋಡೆಗೆ ಹೊಡೆದ ಮೊಳೆಯಲ್ಲಿ ರೇಸ್ ಸೈಕಲ್ಲಿನ ಮುಂದಿನ ಗಾಲಿಯೊಂದು ವರ್ಷಗಳಿಂದ ನೇತಾಡುತ್ತಿತ್ತು. ಪಂಕ್ಚರ್ ಆದ ಗಾಲಿ. ಕೆಳಗಿನ ಓನರ್ ಆಂಟಿ ಯಾವಾಗ ಮೇಲೆ ಬಂದರೂ ಅದನ್ನು ನೋಡಿ, ಹಳೇ ಸಾಮಾನಿನವನಿಗೆ ಹಾಕಬಾರದೇ ಎಂದು ಕೇಳುತ್ತಿದ್ದರು. ನನ್ನದಲ್ಲ, ಗೆಳತಿಯದು ಎನ್ನುತ್ತಿದ್ದೆ. ಹಾಗಾದರೆ ಅವರಿಗೇ ಕೊಟ್ಟುಬಿಡಿ ಎನ್ನುತ್ತಿದ್ದರು. ಅಷ್ಟು ಸುಲಭವಾಗಿದ್ದರೆ ಕೊಡದೆ ಇರುತ್ತಿದ್ದೆನೇ?

ನಾವಿಬ್ಬರೂ ಬಾಗಲಕೋಟೆ ಕಡೆಯವರು. ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚ. ಆಮೇಲೆ ಸಂಬಳ ಕೊಟ್ಟು ಓಡಿಸುವ ಒಂದು ತಂಡಕ್ಕೆ ಇಬ್ಬರೂ ಒಟ್ಟಿಗೇ ಸೇರಿ ಬೆಂಗಳೂರಿಗೆ ಬಂದೆವು. ತಂಡದಲ್ಲಿ ಅವಳು ಗೆಲ್ಲುವವಳು, ನಾನು ಗೆಲ್ಲಿಸುವವಳು. ಅವಳ ಮುಂದೆ ಓಡಿಸಿ ಎದುರುಗಾಳಿ ತಡೆಯಬೇಕು, ಹಿಂದೆ ಸರಿದು, ಹಿಂಬಾಲಿಸಿ ಬರುವ ತಂಡದ ಜೀಪಿನಿಂದ ನೀರಿನ ಬಾಟಲಿ ತಂದುಕೊಡಬೇಕು, ಅವಳ ಗಾಲಿ ಪಂಕ್ಚರ್ ಆದರೆ ನನ್ನ ಗಾಲಿ ಬಿಚ್ಚಿ ಕೊಡಬೇಕು. ಇದನ್ನು ಹೇಳಿದರೆ ಆಫೀಸಿನವರು ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ರಸ್ತೆ ರೇಸು ನಡೆಯುವುದೇ ಹೀಗೆ; ನಾನು ಮಾಡುತ್ತಿದ್ದುದು ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೆ.

ಹಾಸ್ಟೆಲಿನಲ್ಲಿ ನಮಗೊಂದು ಪದ್ಧತಿ ಇತ್ತು. ಯಾರು ಗಾಲಿ ಇಸಿದುಕೊಂಡಿದ್ದಾರೋ ಅವರು ಅದನ್ನು ಅಂದು ಸಂಜೆಯೇ ಕೈಯಾರೆ ತಂದುಕೊಡಬೇಕು. ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ. ಆಮೇಲೆ ಇಬ್ಬರೂ ಬಕೆಟ್ಟಿನಲ್ಲಿ ನೀರು ಹಿಡಿದು, ಎದುರುಬದುರು ಕೂತು ಪಂಕ್ಚರ್ ಹಾಕಬೇಕು. ಒಬ್ಬರು ಟ್ಯೂಬನ್ನು ನೀರಿನಲ್ಲಿ ಅದುಮಿ ಹಿಡಿಯುವುದು, ಇನ್ನೊಬ್ಬರು ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು. ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ, ಬೆಂಗಳೂರಿಗೆ ಬಂದ ಮೇಲೂ ನಾವಿಬ್ಬರು ಅದನ್ನು ಬಿಟ್ಟಿರಲಿಲ್ಲ. ಗೆದ್ದವಳೂ ಗೆಲ್ಲಿಸಿದವಳೂ ಒಂದೇ ಬಕೆಟ್ಟಿಗೆ ತಲೆ ಬಗ್ಗಿಸಿ ಕೂತಾಗ ಅರ್ಧ ಹೊತ್ತು ನಗುವುದರಲ್ಲೇ ಕಳೆಯುತ್ತಿತ್ತು.

ಆ ದಿನದ ರೇಸು ಕೆಂಗೇರಿಯಿಂದ ಹೊರಟು, ರಾಮೋಹಳ್ಳಿ, ದೊಡ್ಡಾಲದಮರದ ಕಡೆ ಸುತ್ತು ಹಾಕಿ ಮತ್ತೆ ಕೆಂಗೇರಿಗೆ ಬರುವಂಥದ್ದು. ವಾಪಸು ಬರುವಾಗ ರಾಮೋಹಳ್ಳಿಗೆ ಮುಂಚೆ, ಬಣ್ಣ ಹೊಡೆಯದ ಒಂದು ಹಂಪ್ ಎದುರಾಯಿತು. ಮುಂದಿದ್ದವಳು ಹಾರಿ ಬಿದ್ದಳು, ಅವಳ ಮೇಲೆ ಇನ್ನೊಬ್ಬಳು, ಅವರ ಮೇಲೆ ನನ್ನ ಗೆಳತಿ. ನಾನು ಹಿಂದೆಯೇ ಇದ್ದವಳು ಹೇಗೋ ಪಕ್ಕದ ಮಣ್ಣಿಗಿಳಿಸಿ ನಿಂತೆ. ಗೆಲ್ಲಬಹುದಾಗಿದ್ದ ಇನ್ನೊಬ್ಬ ಹುಡುಗಿ, ಬೇರೆ ತಂಡದವಳು, ಬೀಳದೆ ಮುಂದೆ ಹೋಗಿದ್ದಳು. ಅವಳು ತಿರುಗಿ ನೋಡಿ, ಕೈ ಎತ್ತಿ ಎಲ್ಲರಿಗೂ ನಿಧಾನ ಎಂದು ಸನ್ನೆ ಮಾಡಿದಳು. ಬಿದ್ದವರನ್ನು ಬಿಟ್ಟು ಓಡುವುದು ನಮ್ಮ ಆಟದಲ್ಲಿ ಮರ್ಯಾದೆಯಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೂ ಇಡೀ ಗುಂಪು ಅವಳ ಸನ್ನೆಗೆ ಪೆಡಲ್ ನಿಲ್ಲಿಸಿತು.

ಗೆಳತಿ ಎದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅದು ಲೆಕ್ಕಕ್ಕಿಲ್ಲ. ಮುಂದಿನ ಗಾಲಿಯ ಗಾಳಿ ಹೋಗಿತ್ತು. ಅವಳು ಕೇಳುವ ಮೊದಲೇ ನಾನು ನನ್ನದನ್ನು ಬಿಚ್ಚಿದ್ದೆ. ಆಯುಧಪೂಜೆಯಲ್ಲಿ ಅವ್ವ ಅದರ ನಡುವಿಗೆ ಅರಿಶಿನದ ದಾರ ಕಟ್ಟಿದ್ದಳು. ಗೆಳತಿಯ ಸೈಕಲ್ಲಿಗೆ ಅದನ್ನು ಸಿಕ್ಕಿಸಿ, ಸೀಟು ಹಿಡಿದು ತಳ್ಳಿದೆ.

"ಜೀಪ್ ಬರ್ತೈತಿ, ನೀ ಇಲ್ಲೇ ನಿಂದ್ರು. ಸಂಜೀಕ ಗಾಲಿ ತರ್ತೀನಿ," ಎಂದಳು. ಅಷ್ಟು ಹೇಳಿ ಹೋದಳು.

ಜೀಪು ಬಂತು. ಕೈ ಎತ್ತಿದೆ. ನಿಲ್ಲಲಿಲ್ಲ. ನಿಂತರೆ ಅವಳ ಹಿಂದೆ ಜೀಪಿರುವುದಿಲ್ಲ, ಅಷ್ಟರಲ್ಲಿ ಅವಳಿಗೆ ಇನ್ನೇನಾದರೂ ಆದರೆ? ಮ್ಯಾನೇಜರ್ ಕಿಟಕಿಯಿಂದ ಕೈ ಹೊರಹಾಕಿ, ಇರು, ಬಂದೆ ಎನ್ನುವ ಹಾಗೆ ಅಲ್ಲಾಡಿಸಿದರು. ಎಲ್ಲರಿಗಿಂತ ಕೊನೆಗೆ, ಆಟ ಬಿಟ್ಟವರನ್ನು ಹತ್ತಿಸಿಕೊಳ್ಳುವ ವ್ಯಾನು ಬಂದು ನನ್ನೆದುರು ನಿಂತಿತು. ಆ ವ್ಯಾನು ಹತ್ತುವುದೆಂದರೆ ಬೆನ್ನಿನ ನಂಬರು ಕಿತ್ತು ಅವರ ಕೈಗೆ ಕೊಡುವುದು, ಅಂದರೆ ರೇಸಿನಿಂದ ಹೊರಗೆ. ನಮ್ಮ ಜೀಪು ಬರುತ್ತದೆ, ನೀವು ಹೋಗಿ ಎಂದೆ. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೋಗಿ ಎಂದೆ. ಹುಚ್ಚು ಎನ್ನುವುದಾದರೆ ಇದನ್ನೇ ಎನ್ನಬೇಕು, ಆದರೆ ರೇಸ್ ಓಡಿಸಿದವರು ಯಾರೂ ನನ್ನ ಜಾಗದಲ್ಲಿ ಆ ವ್ಯಾನು ಹತ್ತುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪೊಲೀಸರು ರಸ್ತೆ ಬಿಟ್ಟರು. ಸ್ಕೂಟರು, ಟೆಂಪೋ, ಬಸ್ಸು ಎಲ್ಲ ಒಮ್ಮೆಲೇ ನುಗ್ಗಿಬಂದವು. ಬಸ್ಸಿನ ಕಿಟಕಿಯಿಂದ ಜನ ನನ್ನನ್ನು ನೋಡಿದರು. ಆಗ ಮೊದಲ ಸಲ ಅಳು ಬಂತು. ಗೆಳತಿಯ ಗಾಲಿಯನ್ನು ನನ್ನ ಸೈಕಲ್ಲಿಗೆ ಹಾಕಿ, ಅಡಿಯಲ್ಲಿ ಗಟ್ಟಿ ತುಂಡಿರುವ ರೇಸ್ ಶೂ ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿ, ಬರಿಗಾಲಲ್ಲಿ ತಳ್ಳಿಕೊಂಡು ಕೆಂಗೇರಿಗೆ ನಡೆದೆ. ನಾನು ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಅವಳು ಗೆದ್ದಿದ್ದಳಂತೆ. ಕೈ ಎತ್ತಿ ಗುಂಪು ನಿಲ್ಲಿಸಿದ ಹುಡುಗಿ ಎರಡನೆಯವಳಂತೆ. ತಂಡದವರೆಲ್ಲ ಊಟಕ್ಕೆ ಹೋಗಿಯಾಗಿತ್ತು.

ಆ ಸಂಜೆ ನನ್ನ ರೂಮಿನ ಮುಂದೆ ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟು ಕಾದೆ. ಅವಳು ಬರಲಿಲ್ಲ. ಮಾರನೆಯ ದಿನ ಕೋಚಿಂಗ್ ಕ್ಯಾಂಪಿಗೆಂದು ಉತ್ತರ ಭಾರತದ ಕಡೆ ರೈಲು ಹತ್ತಿದಳು. ಗಾಲಿ ಅವಳ ಸೈಕಲ್ಲಿನಲ್ಲೇ ಹೋಯಿತು. ಆಮೇಲೆ ಅವಳಿಗೆ ಸರ್ಕಾರಿ ಕೆಲಸವಾಯಿತು, ಮದುವೆಯಾಯಿತು, ಮಗುವಾಯಿತು. ನಾನು ರೇಸು ಬಿಟ್ಟೆ, ರಾಜಾಜಿನಗರದ ಒಂದು ಆಫೀಸಿಗೆ ಸೇರಿದೆ. ಯುಗಾದಿಗೆ ಅವಳದೊಂದು ಮೆಸೇಜು, ದೀಪಾವಳಿಗೆ ನನ್ನದೊಂದು. ಅವಳು ಬೆಂಗಳೂರಿಗೇ ವಾಪಸು ಬಂದು ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಮನೆ ಮಾಡಿದ್ದಾಳೆಂದು ತಿಳಿದಾಗ ಮನಸ್ಸಿನಲ್ಲೇ ದಾರಿ ಅಳೆದೆ. ಸೈಕಲ್ಲಿನಲ್ಲಿ ನನ್ನ ಮನೆಯಿಂದ ಅಲ್ಲಿಗೆ ಹೋಗುವುದರೊಳಗೆ ಮೈ ಕೂಡ ಬೆಚ್ಚಗಾಗುವುದಿಲ್ಲ.

ಹೋಗಬಹುದಿತ್ತು. ಹೋಗಲಿಲ್ಲ. ತರಬೇಕಾದವಳು ಅವಳು. ನನ್ನ ಹಟ ನನಗೆ ಗೊತ್ತು, ಅದರ ಬಗ್ಗೆ ನಾಚಿಕೆಯೂ ಇಲ್ಲ. ರೇಸಿನಲ್ಲಿ ಅವಳು ನನಗಾಗಿ ಕಾಯಬೇಕಿತ್ತು ಎಂದು ಒಂದು ದಿನವೂ ಅಂದುಕೊಂಡಿಲ್ಲ. ಕಾದಿದ್ದರೆ ನಾನೇ ಬೈಯುತ್ತಿದ್ದೆ. ಆದರೆ ಸಂಜೆ ರೇಸು ಇರಲಿಲ್ಲವಲ್ಲ.

ಈಗಲೂ ಬೇಸಿಗೆಯಲ್ಲಿ, ಆಫೀಸಿನಿಂದ ಬಂದು ಅನ್ನಕ್ಕಿಟ್ಟು, ಫೋನಿನಲ್ಲಿ ಹೊರದೇಶದ ದೊಡ್ಡ ರೇಸುಗಳನ್ನು ನೋಡುತ್ತೇನೆ. ಅಲ್ಲೂ ಬೀಳುತ್ತಾರೆ, ಅಲ್ಲೂ ಚೈನು ಕಳಚುತ್ತದೆ, ಯಾರೋ ತಮ್ಮ ಗಾಲಿಯನ್ನು ನಾಯಕನಿಗೆ ಕೊಡುತ್ತಾರೆ. ಕ್ಯಾಮೆರಾ ನಾಯಕನ ಹಿಂದೆ ಹೋಗುತ್ತದೆ. ಕೊಟ್ಟವನು ಪರದೆಯ ಅಂಚಿನಲ್ಲಿ ಒಂದು ಗಾಲಿಯ ಸೈಕಲ್ ಹಿಡಿದು ಒಂದು ಕ್ಷಣ ಕಾಣಿಸಿ ಮರೆಯಾಗುತ್ತಾನೆ. ಅವನಿಗೇನಾಯಿತೆಂದು ಯಾರೂ ಹೇಳುವುದಿಲ್ಲ. ನಾನು ಹಿಂದಕ್ಕೆಳೆದು ಅಷ್ಟನ್ನೇ ಮತ್ತೆ ನೋಡುತ್ತೇನೆ.

ಕಳೆದ ತಿಂಗಳು ಒಂದು ಗುರುವಾರ, ಆಫೀಸಿಗೆ ರಜೆ ಇತ್ತು. ಅವಳ ಮೆಸೇಜು ಬಂತು. "ಹುಬ್ಬಳ್ಳಿಗೆ ವರ್ಗ ಆಗೈತಿ. ಶನಿವಾರ ಹೊಂಟೀವಿ. ಅಟ್ಟದ ಮ್ಯಾಲೆ ನಿನ್ನ ಗಾಲಿ ಸಿಕ್ತು. ಡೆಲಿವರಿಯವನ ಕೈಯಾಗ ಕಳಿಸೀನಿ. ನಂದು ಇದ್ರ ಅವನ ಕೈಯಾಗ ಕೊಟ್ಟು ಕಳಸು."

ಓದಿ ಮುಗಿಸುವಷ್ಟರಲ್ಲಿ ಕೆಳಗೆ ಬೈಕಿನ ಹಾರ್ನ್ ಕೇಳಿಸಿತು. ಇಳಿದು ಹೋದೆ. ಹೆಲ್ಮೆಟ್ ತೆಗೆಯದ ಒಬ್ಬರು, ಪೇಪರಿನಲ್ಲಿ ಸುತ್ತಿದ ಗಾಲಿಯನ್ನು ಭುಜಕ್ಕೆ ನೇತುಹಾಕಿಕೊಂಡು ನಿಂತಿದ್ದರು. ಓಟಿಪಿ ಕೇಳಿದರು, ಹೇಳಿದೆ. ಪೇಪರು ಅಲ್ಲೇ ಹರಿದು ನೋಡಿದೆ. ಧೂಳು ಒರೆಸಿದ್ದಳು. ಟೈರು ಅದೇ ಹಳೆಯದು. ನಡುವೆ ಅವ್ವನ ದಾರ, ಬಣ್ಣ ಹೋಗಿ ಬೂದಿಯಂತಾಗಿದ್ದರೂ, ಹಾಗೇ ಇತ್ತು. ಇಷ್ಟು ವರ್ಷ ಓಡಿಸಿದ್ದರೆ ಆ ದಾರ ಉಳಿಯುತ್ತಿರಲಿಲ್ಲ. ಅವಳೂ ಇದನ್ನು ಹಾಗೇ ಇಟ್ಟುಕೊಂಡಿದ್ದಳು. ಅದು ತಿಳಿದು ನನಗೆ ಸಮಾಧಾನ ಆಗಬೇಕಿತ್ತು. ಸಂಕಟವಾಯಿತು.

"ಅಕ್ಕ, ಇಲ್ಲಿಂದ ಇನ್ನೊಂದು ವೀಲ್ ವಾಪಸ್ ತರಕ್ಕೆ ಹೇಳಿದಾರೆ," ಎಂದರು ಅವರು.

"ಇಲ್ಲಪ್ಪ. ಕೊಡೋದೇನೂ ಇಲ್ಲ," ಎಂದೆ.

ಮೇಲೆ ಬಂದು ಅವಳಿಗೆ ಬರೆದೆ: "ನಿಂದು ಇಲ್ಲೇ ಗ್ವಾಡಿ ಮ್ಯಾಲೈತಿ. ಬಂದು ಒಯ್ಯಿ."

ಓದಿದ ಗುರುತು ಕೂಡಲೇ ಬಂತು. ಟೈಪ್ ಮಾಡುತ್ತಿದ್ದಾಳೆಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಬಂದದ್ದು "ನೋಡ್ತೀನಿ" ಎನ್ನುವ ಒಂದೇ ಮಾತು.

ಶುಕ್ರವಾರ ಆಫೀಸಿನಿಂದ ಬೇಗ ಬಂದೆ. ಶನಿವಾರ ಆಫೀಸಿಗೆ ಹೋಗಲೇ ಇಲ್ಲ. ಬೀದಿಯಲ್ಲಿ ಯಾವ ಸ್ಕೂಟರು ನಿಧಾನವಾದರೂ ಟೆರೇಸಿಗೆ ಹೋಗಿ ಇಣುಕಿದೆ. ಓನರ್ ಆಂಟಿ ಯಾರಾದರೂ ಬರುವವರಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಸಂಜೆಗೆ ಅವಳ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಬಂತು. ಸಾಮಾನು ತುಂಬಿದ ಲಾರಿ, ಹಗ್ಗ ಕಟ್ಟಿ ಹೊರಟು ನಿಂತಿತ್ತು. ಮೇಲೆ ಒಂದು ಮಗುವಿನ ಸೈಕಲ್ಲಿತ್ತು.

ಭಾನುವಾರ ಬೆಳಿಗ್ಗೆ ಮೊಳೆಯಿಂದ ಅವಳ ಗಾಲಿ ಇಳಿಸಿದೆ. ಹುಬ್ಬಳ್ಳಿಯಿಂದಾದರೂ ಒಂದು ದಿನ ಬಂದರೆ ಪಂಕ್ಚರ್ ಆದ ಗಾಲಿ ಕೈಗೆ ಕೊಡುವುದು ಚೆನ್ನಾಗಿರುವುದಿಲ್ಲ. ಬಕೆಟ್ಟಿನಲ್ಲಿ ನೀರು ಹಿಡಿದು ಟೆರೇಸಿಗೆ ಒಯ್ದೆ. ಟೈರು ಬಿಡಿಸಿ, ಟ್ಯೂಬಿಗೆ ಗಾಳಿ ಹೊಡೆದೆ. ರಬ್ಬರು ಇನ್ನೂ ಸತ್ತಿರಲಿಲ್ಲ. ಒಂದು ಕೈಯಲ್ಲಿ ಅದುಮಿ ನೀರಿನಲ್ಲಿ ಮುಳುಗಿಸಿ, ಇನ್ನೊಂದು ಕೈಯಲ್ಲಿ ಸರಿಸುತ್ತಾ ಹೋದೆ. ಗುಳ್ಳೆಗಳು ಒಂದರ ಹಿಂದೊಂದು ಎದ್ದವು, ಕೂತಲ್ಲಿಂದಲೇ ಕಂಡವು. ಈ ಕೆಲಸಕ್ಕೆ ಇಬ್ಬರು ಬೇಕಾಗಿರಲೇ ಇಲ್ಲ.