ಚೆಕಿಂಗ್ ಅಕ್ಕ ಕೊಟ್ಟ ಎರಡು ಸ್ಟಾರು

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿರುವ ಅಕ್ಕನನ್ನು ಎಲ್ಲರೂ ಚೆಕಿಂಗ್ ಅಕ್ಕ ಎಂದೇ ಕರೆಯುವುದು. ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಟ್ಟೆ, ಬಟ್ಟಲುಗಳನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಪಾಸು ಫೇಲು ಮಾಡಿದವರು. ಕಾರ್ಖಾನೆ ಮುಚ್ಚಿತು, ಅಕ್ಕನ ಚೆಕಿಂಗ್ ಮುಚ್ಚಲಿಲ್ಲ. ಕೆಳಗೆ ಬಾಗಿಲ ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ನಾನು ಹೊಲಿದುಕೊಟ್ಟ ದಿಂಬಿನ ಚೀಲವನ್ನೂ ಒಳಮೈ ಹೊರಗೆ ಮಾಡಿ ನೋಡುವ ಹೆಂಗಸು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಬಾಯ್ತುಂಬ ಹೇಳುವವರೂ ಅವರೊಬ್ಬರೇ.

ಅಕ್ಕ ಮದುವೆಯಾಗಲಿಲ್ಲ. ಇರುವವಳು ಒಬ್ಬ ತಂಗಿ, ದೂರದ ಊರಿನಲ್ಲಿ. ದಿನಾ ಬೆಳಿಗ್ಗೆ ಮೊಬೈಲಿಗೆ ಒಂದು ಹೂವಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತಾಳೆ. ಅಕ್ಕನ ಮನೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಯಾವಾಗಲೂ ಮಡಿಸಿದ ಬಟ್ಟೆ. ಯಾರಾದರೂ ಬಂದರೆ ತೆಗೆದರಾಯಿತು ಎಂದು ಇಟ್ಟದ್ದು, ತೆಗೆಯುವ ಸಂದರ್ಭವೇ ಬರುತ್ತಿರಲಿಲ್ಲ. ನಾನಾದರೂ ಹೋಗಿ ಕೂರಬಹುದಿತ್ತು. ಕೆಲಸ, ಕೆಲಸ ಎನ್ನುತ್ತಿದ್ದೆ.

ಆನ್‌ಲೈನಿನಲ್ಲಿ ಏನು ತರಿಸಿದರೂ ಅಕ್ಕ ರಿವ್ಯೂ ಬರೆಯುತ್ತಿದ್ದರು. ನಾವೆಲ್ಲ 'ಸೂಪರ್' ಅಂತಲೋ 'ದಂಡ' ಅಂತಲೋ ಬರೆದು ಮುಗಿಸುತ್ತೇವೆ. ಅವರದು ಹಾಗಲ್ಲ. ಬಿಚ್ಚುವ ಮೊದಲು ಪೆಟ್ಟಿಗೆಯ ಆರೂ ಮಗ್ಗುಲಿನ ಫೋಟೊ. ಬಿಚ್ಚಿದ ಮೇಲೆ ಸಾಮಾನು ಒಡೆದಿದ್ದರೆ ಯಾರ ಕೈಯಲ್ಲಿ ಒಡೆಯಿತು ಎಂಬ ವಿಚಾರಣೆ. ಮಾಡಿದವರೋ, ಕಟ್ಟಿದವರೋ, ತಂದವರೋ?

"ಒಬ್ಬರ ತಪ್ಪಿಗೆ ಇನ್ನೊಬ್ಬರ ಸ್ಟಾರ್ ಕೀಳಬಾರದು ಕಣಮ್ಮ," ಎನ್ನುತ್ತಿದ್ದರು. ಬರೆದದ್ದನ್ನು ಕೆಳಗಿಳಿದು ಬಂದು ನನಗೆ ಓದಿ ಹೇಳಿದ ಮೇಲೆಯೇ ಕಳಿಸುವುದು. ನಾನು ಮಿಷನ್ ತುಳಿಯುತ್ತ ಹೂಂ, ಹೂಂ ಎನ್ನುತ್ತಿದ್ದೆ. ಅಷ್ಟೇ ಸಾಕಾಗುತ್ತಿತ್ತು ಅವರಿಗೆ.

ಒಂದು ದಿನ ಉಪ್ಪು ಹಾಕಿಡುವ ಪಿಂಗಾಣಿ ಜಾಡಿ ಬಂತು. ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಿಂದ ನಾನೇ ತೆಗೆದುಕೊಂಡೆ. ದೊಡ್ಡ ಪೆಟ್ಟಿಗೆ, ಒಳಗೆ ಒಣಹುಲ್ಲು, ಹುಲ್ಲಿನ ನಡುವೆ ಸಣ್ಣ ಪೆಟ್ಟಿಗೆ, ಅದರ ಮೇಲೂ ಅಕ್ಕನ ಹೆಸರು, ವಿಳಾಸದ ಚೀಟಿ. ಬಟ್ಟೆಯ ತುಂಡು ಹಾಕಿಡಲು ನನಗೆ ಅಂಥದೇ ದೊಡ್ಡದೊಂದು ಬೇಕಾಗಿತ್ತು. ಕೇಳಿದ್ದರೆ ಅಕ್ಕ ಇಲ್ಲ ಎನ್ನುತ್ತಿರಲಿಲ್ಲ, ಕಾಯುವ ತಾಳ್ಮೆ ನನಗಿರಲಿಲ್ಲ. ಹುಲ್ಲನ್ನು ಕಸಕ್ಕೆ ಸುರಿದೆ. ಸಣ್ಣ ಪೆಟ್ಟಿಗೆಯನ್ನು ಮೇಲೆ ಒಯ್ಯುವಾಗ ಅದು ಮೆಟ್ಟಿಲಿನ ಕಂಬಿಗೆ ಬಡಿಯಿತು. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡು ಅಕ್ಕನ ಬಾಗಿಲ ಮುಂದಿಟ್ಟು ಬಂದೆ.

ಸಂಜೆ ಅಕ್ಕ ಓದಿದರು: "ಜಾಡಿ ಮಾಡಿದವರ ಕೈ ಒಳ್ಳೆಯದು. ಮುಚ್ಚಳ ಸರಿಯಾಗಿ ಕೂರುತ್ತದೆ. ಬಾಯಿಯ ಅಂಚಿನಲ್ಲಿ ಎರಡು ಬೆರಳಿನಷ್ಟು ಬಿರುಕಿದೆ. ಬಿರುಕಿನ ಅಂಚು ಹರಿತವಾಗಿರುವುದರಿಂದ ಅದು ಭಟ್ಟಿಯಲ್ಲಿ ಸುಡುವಾಗ ಬಂದದ್ದಲ್ಲ, ದಾರಿಯಲ್ಲಿ ಬಂದದ್ದು. ಒಂದೇ ತೆಳು ಪೆಟ್ಟಿಗೆ, ಒಂದೇ ಸುತ್ತು ಕಾಗದ. ಕಟ್ಟಿದವರು ಅಸಡ್ಡೆ ಮಾಡಿದ್ದಾರೆ. ಎರಡು ಸ್ಟಾರ್."

ಆರು ಫೋಟೊಗಳೂ ಸರಿಯಾಗಿದ್ದವು, ಆದರೆ ಅವು ಒಳಗಿನ ಪೆಟ್ಟಿಗೆಯವು. ಹೊರಗಿನದು ನನ್ನ ಮಿಷನ್ನಿನ ಕೆಳಗೇ ಇತ್ತು. ಆಗಲೇ ಹೇಳಬೇಕಿತ್ತು. ನಾಚಿಕೆ ಎನ್ನಿ, ಹೆದರಿಕೆ ಎನ್ನಿ, ಹೂಂ ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ಅಕ್ಕ ಸಪ್ಪೆ ಮೋರೆ ಹಾಕಿಕೊಂಡು ಅಂಗಡಿಗೆ ಬಂದರು. ಜಾಡಿ ಮಾಡುವವನ ಅತ್ತಿಗೆ ಫೋನ್ ಮಾಡಿದ್ದರಂತೆ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲೇ ಇದ್ದು ಪ್ಯಾಕಿಂಗ್ ನೋಡಿಕೊಳ್ಳುವವರು. 

"ಎರಡು ಪೆಟ್ಟಿಗೆ ಹಾಕಿದ್ದೆ, ಹುಲ್ಲೂ ತುಂಬಿದ್ದೆ ಅಂತಾಳೆ," ಎಂದರು ಅಕ್ಕ. "ಮೈದುನ ನಂಬ್ತಿಲ್ವಂತೆ. ತಿಂಗಳ ಕೊನೆಗೆ ಪ್ಯಾಕಿಂಗ್ ಬೇರೆಯವರಿಗೆ ಕೊಡ್ತಾನಂತೆ. ಆ ಮನೇಲಿ ನನಗಿರೋದು ಇದೊಂದೇ ಕೆಲಸ ಅಂತ ಅತ್ತಳು ಪಾಪ. ಇನ್ನೊಂದ್ಸಲ ನೋಡ್ತೀನಿ ಅಂದಿದೀನಿ."

ಅದನ್ನು ಕೇಳಿದ ಮೇಲೂ ಸುಮ್ಮನಿರಲು ನಾನೇನು ಕಲ್ಲೇ? ಪೆಟ್ಟಿಗೆಯನ್ನು ಎಳೆದು ಮುಂದಿಟ್ಟು ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ. ಅಕ್ಕ "ಹೌದಾ" ಎಂದಷ್ಟೇ ಹೇಳಿ ಮೇಲೆ ಹೋದರು. ತಿದ್ದಲು ಹೋದರು ಎಂದುಕೊಂಡೆ.

ಐದಾರು ದಿನ ಕಳೆದು ಮೊಬೈಲಿನಲ್ಲಿ ನೋಡಿದರೆ ಎರಡು ಸ್ಟಾರು ಹಾಗೇ ಇದೆ! ಅಷ್ಟರಲ್ಲಿ ಮೇಲಿನಿಂದ ನಗು ಕೇಳಿಸಿತು. ಅಕ್ಕ ನಕ್ಕದ್ದನ್ನು ನಾನು ಅದುವರೆಗೆ ಕೇಳಿದ್ದೇ ಕಡಿಮೆ. ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು, ಫೋನು ಸ್ಪೀಕರಿನಲ್ಲಿತ್ತು. ಆ ಅತ್ತಿಗೆ ಮಂಡಿನೋವಿನ ವಿಷಯ, ಮೂಲೆಗೆ ಕಾಗದ ಹೇಗೆ ಮಡಿಸಬೇಕು ಎಂಬ ವಿಷಯ, ಏನೇನೋ ಮಾತಾಡುತ್ತಿದ್ದರು. ತಂಗಿ ಕಳಿಸುವ ಹೂವಿನ ಚಿತ್ರಗಳ ಬಗ್ಗೆ ಹೇಳಿ ಅಕ್ಕ ನಗಿಸುತ್ತಿದ್ದರು. ಕೊನೆಗೆ ಆಚೆಯ ದನಿ ಮೆತ್ತಗಾಯಿತು.

"ನೋಡಿದ್ರಾ ಅಕ್ಕಾ, ನನ್ನ ವಿಷಯ?"

"ಇನ್ನೂ ಸ್ವಲ್ಪ ನೋಡೋದಿದೆ ಕಣಮ್ಮ. ನಾಳೆ ಫೋನ್ ಮಾಡು."

ಫೋನ್ ಇಟ್ಟದ್ದೇ ತಡ, ನಾನು ಹಾರಿಬಿದ್ದೆ. "ಇನ್ನೇನು ನೋಡೋದಿದೆ ಅಕ್ಕ? ಒಡೆದಿದ್ದು ನಾನು ಅಂತ ನಿಮಗೆ ಗೊತ್ತಲ್ಲ! ಆ ಹೆಂಗಸಿನ ಹೊಟ್ಟೆ ಉರಿಸ್ತಿದೀರಲ್ಲ, ಇದು ನ್ಯಾಯಾನಾ?"

ಅಕ್ಕ ನನ್ನ ಮುಖ ನೋಡಲಿಲ್ಲ. "ತಿದ್ದಿಬಿಟ್ರೆ ನಾಳೆ ಯಾಕೆ ಫೋನ್ ಮಾಡ್ತಾಳೆ?" ಎಂದರು.

ನನ್ನ ಸಿಟ್ಟು ಇದ್ದಲ್ಲೇ ಇಳಿದುಹೋಯಿತು. ದಿನಕ್ಕೆ ಅರ್ಧ ಗಂಟೆ ಒಬ್ಬರು ಮಾತಾಡುತ್ತಾರೆಂದು ಈ ಮುದುಕಿ, ತಕ್ಕಡಿಯಷ್ಟು ನೆಟ್ಟಗಿದ್ದ ಈ ಮುದುಕಿ, ಸುಳ್ಳನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಕೆಳಗೇ ಇದ್ದ ನಾನು ಹೂಂ ಬಿಟ್ಟು ಬೇರೇನು ಕೊಟ್ಟಿದ್ದೆ? ನನಗೆ ಅಳು ಬಂತು.

"ಮೂವತ್ತೊಂದು ವರ್ಷದಲ್ಲಿ ಒಂದು ಪೀಸನ್ನೂ ಬೇಕಂತ ಫೇಲ್ ಮಾಡಿರಲಿಲ್ಲ," ಎಂದು ಅಕ್ಕ ಕನ್ನಡಕ ಹುಡುಕಿದರು. ನನ್ನೆದುರಿಗೇ ತಿದ್ದಿದರು. ಎರಡು ಪೆಟ್ಟಿಗೆ, ತುಂಬಿದ ಹುಲ್ಲು, ಎಲ್ಲ ಬರೆದರು. ಪೆಟ್ಟು ಬಿದ್ದದ್ದು ನಮ್ಮ ಮೆಟ್ಟಿಲಿನಲ್ಲಿ ಎಂದು ಬರೆದರು, ಯಾರ ಕೈಯಿಂದ ಎಂದು ಬರೆಯಲಿಲ್ಲ. ಕೊನೆಗೆ ಇನ್ನೊಂದು ಸಾಲು ಸೇರಿಸಿದರು: "ಇದು ನನಗೆ ಗೊತ್ತಾಗಿ ಆರು ದಿನವಾಯಿತು. ತಿದ್ದದೆ ಇಟ್ಟುಕೊಂಡದ್ದು ನನ್ನ ತಪ್ಪು." ಆಮೇಲೆ ಐದು ಸ್ಟಾರ್ ಒತ್ತಿದರು.

ಮರುದಿನ ಫೋನು ಬಂತು, ಒಂದೇ ನಿಮಿಷ. ಮೈದುನ ಓದಿದನಂತೆ, ಪ್ಯಾಕಿಂಗ್ ಅವರ ಕೈಯಲ್ಲೇ ಉಳಿಯಿತಂತೆ. ತುಂಬ ಉಪಕಾರ ಆಯಿತು, ಬದಲಿ ಜಾಡಿ ಕಳಿಸುತ್ತೇವೆ ಎಂದರಂತೆ. ಅಕ್ಕ ಬೇಡವೆಂದರೂ ಕೇಳಲಿಲ್ಲವಂತೆ. ಆಮೇಲೆ, ಆರು ದಿನ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರಂತೆ. ಮರೆತುಹೋಯಿತು ಎಂದರಂತೆ ಅಕ್ಕ. ಅದರ ಮಾರನೆ ದಿನ ಫೋನಿಲ್ಲ, ಅದರಾಚೆಗೂ ಇಲ್ಲ.

ಬದಲಿ ಜಾಡಿ ಬಂದ ದಿನ ಅಂಗಡಿಯ ಬಾಗಿಲು ಎಳೆದು ನಾನೂ ಮೇಲೆ ಹೋದೆ, ಹೊರಗಿನ ಪೆಟ್ಟಿಗೆಯ ಸಮೇತ. ಅಕ್ಕ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಉಗುರಿನಿಂದ ಅಂಚನ್ನೆಲ್ಲ ಸವರಿದರು. ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಇಷ್ಟು ಹೊತ್ತು ಅವರು ಯಾವುದನ್ನೂ ನೋಡಿದ್ದಿಲ್ಲ. ಒಂದು ಚುಕ್ಕೆಯಾದರೂ ಸಿಗಲಿ ಎಂದು ಪಕ್ಕದಲ್ಲಿ ನಿಂತು ನಾನೂ ಹುಡುಕಿದೆ.

"ನೀವೇ ಒಂದು ಫೋನ್ ಮಾಡಿ ಅಕ್ಕ," ಎಂದೆ.

ಅಕ್ಕ ಜಾಡಿಯನ್ನು ಮೇಜಿನ ಮೇಲಿಟ್ಟರು. "ಏನಂತ ಮಾಡ್ಲಿ? ಇದರಲ್ಲಿ ಏನೂ ತಪ್ಪಿಲ್ವಲ್ಲ."