ಬೂದಿ ಸನಾವುಲ್ಲಾನ ಮುಂದಿನ ಸೀಟು

ನಮ್ಮ ಘಾಟಿಯ ಆಚೆಯ ಊರುಗಳಲ್ಲಿ ಯಾರಿಗಾದರೂ ಅಡ್ಡಹೆಸರು ಅಂಟಿತೆಂದರೆ ಅದು ಅವನ ಮೊಮ್ಮಕ್ಕಳನ್ನೂ ಬಿಡುವುದಿಲ್ಲ. ಸನಾವುಲ್ಲಾ ತಾಂತ್ರೆಗೆ ಅಂಟಿದ್ದು ‘ಬೂದಿ’. ಕುಪ್ವಾರದ ಸುಮೋ ಸ್ಟ್ಯಾಂಡಿನಲ್ಲಿ ಬರೀ ಸನಾವುಲ್ಲಾ ಎಂದು ಕೇಳಿದರೆ ಯಾರೂ ತಲೆಯೆತ್ತುವುದಿಲ್ಲ. ಬೂದಿ ಸನಾವುಲ್ಲಾ ಎಂದರೆ ಉಪ್ಪಿನ ಚಹಾ ಮಾರುವವನು ಲೋಟ ಕೆಳಗಿಟ್ಟು, ಮೂಲೆಯಲ್ಲಿ ನಿಂತ ಹಳೆಯ ಬಿಳಿ ಸುಮೋದತ್ತ ಕೈ ತೋರಿಸುತ್ತಾನೆ.

ಹೆಸರು ಬಂದದ್ದು ಅವನ ಕಟ್ಟಳೆಯಿಂದ. ಹಿಮ ಬಿದ್ದ ಮೇಲೆ ಅವನ ಗಾಡಿ ಹತ್ತುವ ಪ್ರತಿಯೊಬ್ಬರೂ ಚಕ್ರ ಜಾರುವಲ್ಲಿ ಚೆಲ್ಲಲು ಮನೆಯ ಒಲೆಯಿಂದ ಒಂದು ಚೀಲ ಬೂದಿ ತರಬೇಕು. ಬೂದಿ ತರದವರಿಗೆ ಸೀಟಿಲ್ಲ, ಅವರು ಊರಿನ ಮುಖಂಡರಾದರೂ ಅಷ್ಟೆ. ಎರಡನೆಯ ಕಟ್ಟಳೆ ಇನ್ನೂ ವಿಚಿತ್ರ. ದಪ್ಪಗಿರುವವರು ಹಿಂದೆ, ಸಣ್ಣಗಿರುವವರು ಮುಂದೆ. ಅವನದು ಹಿಂದಿನ ಚಕ್ರ ಎಳೆಯುವ ಗಾಡಿ. ಎಳೆಯುವ ಚಕ್ರದ ಮೇಲೆ ಭಾರವಿಲ್ಲದಿದ್ದರೆ ಅದು ಹಿಮದ ಮೇಲೆ ನಿಂತಲ್ಲೇ ಗಿರಗಿರ ತಿರುಗುತ್ತದೆಯೇ ಹೊರತು ಒಂದು ಗೇಣೂ ಏರುವುದಿಲ್ಲ. ತಿರುವಿನಲ್ಲಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯೇ. ಮೂತಿ ಗುಡ್ಡದ ಕಡೆ, ಬಾಲ ಪ್ರಪಾತದ ಕಡೆ.

ಈಗಿನ ಹುಡುಗರು ನಾಲ್ಕೂ ಚಕ್ರ ಎಳೆಯುವ ಗಾಡಿ ತಂದು, ಇನ್ನೂ ಈ ಮುದಿ ಹೇಸರಗತ್ತೆಯನ್ನೇ ಸಾಕುತ್ತಿದ್ದೀಯಾ ಎಂದು ಅವನನ್ನು ಕೆಣಕುತ್ತಾರೆ. ಆತ ನಗುತ್ತಾನೆ. ಜೋರು ಹಿಮ ಬಿದ್ದ ದಿನ ಅದೇ ಹುಡುಗರ ತಾಯಂದಿರು ಮಗನ ಗಾಡಿ ಬಿಟ್ಟು ಬೂದಿ ಚೀಲ ಹಿಡಿದು ಇವನ ಗಾಡಿಯ ಬಳಿ ನಿಂತಿರುತ್ತಾರೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು? ಸನಾವುಲ್ಲಾ ಗಾಡಿ ಹೊರಡಿಸುವುದನ್ನು ನೋಡಬೇಕು. ಎರಡನೆಯ ಗೇರು, ಪೆಡಲಿನ ಮೇಲೆ ಕಾಲು ಇದೆಯೋ ಇಲ್ಲವೋ ಎಂಬಷ್ಟು ಹಗುರ. ಮಲಗಿದ ಮಗು ಏಳದ ಹಾಗೆ ತೊಟ್ಟಿಲು ಸರಿಸುವಂತಿರುತ್ತದೆ. ಬಾಲ ಜಾರಿದರೆ ಬ್ರೇಕ್ ತುಳಿಯುವುದಿಲ್ಲ. ಜಾರಿದ ಕಡೆಗೇ ಸ್ಟಿಯರಿಂಗ್ ಹೊರಳಿಸಿ, ಗಾಡಿ ತಾನಾಗಿ ನೆಟ್ಟಗಾಗುವವರೆಗೆ ಕಾಯುತ್ತಾನೆ. ಕಾಯುವ ಆ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಇಂಥ ಮನುಷ್ಯನೂ ಒಂದು ದಿನ ತನ್ನ ಕಟ್ಟಳೆ ತಾನೇ ಮುರಿದ. ಬೀಗರು ಬರುತ್ತಾರೆಂದರೆ ಎಂಥವನ ಬುದ್ಧಿಯೂ ಮಂಕಾಗುತ್ತದೆ.

ಅವನಿಗೆ ಒಬ್ಬಳೇ ಮಗಳು, ಹಾಜ್ರಾ. ಒಲೆಯ ಬೂದಿ ಜರಡಿ ಹಿಡಿದು ಅಪ್ಪನಿಗೆ ಚೀಲ ತುಂಬಿಸಿಕೊಡುತ್ತಿದ್ದವಳು ಅವಳೇ. ಬಂದ ಸಂಬಂಧಗಳನ್ನೆಲ್ಲ ಬೇಡವೆಂದುಬಿಟ್ಟಿದ್ದ ಹುಡುಗಿ, ಕುಪ್ವಾರದ ಅಖ್ರೋಟು ವ್ಯಾಪಾರಿ ಖಾಲಿಕ್ ಬಾಂಡೆಯ ಮಗನ ಮಾತು ಬಂದಾಗ ಮಾತ್ರ ಇವನಾದರೆ ಆಗಲಿ ಎಂದು ತಾಯಿ ಜೈತೂನಾಳ ಕಿವಿಯಲ್ಲಿ ಹೇಳಿದ್ದಳು. ಹುಡುಗ ಸಾಧು. ಭಯವಿದ್ದದ್ದು ಅವನ ಅಪ್ಪನದು. ಹಾಜಿ ಖಾಲಿಕ್ ಬಾಂಡೆ ಕ್ವಿಂಟಾಲಿಗೆ ಕಡಿಮೆಯಿಲ್ಲದ ಆಳು, ಸಿಟ್ಟು ಮೂಗಿನ ತುದಿಯಲ್ಲಿ. ಇದಕ್ಕೆ ಮೊದಲು ಒಂದು ಹೆಣ್ಣಿನ ಮನೆಯಲ್ಲಿ ಚಹಾ ತನಗಿಂತ ಮೊದಲು ಬೇರೆಯವರ ಮುಂದಿಟ್ಟರೆಂದು ಎದ್ದು ಬಂದಿದ್ದರು. ಆ ಸಂಬಂಧ ಅಲ್ಲಿಗೇ ಮುರಿದಿತ್ತು.

ನವೆಂಬರಿನಲ್ಲಿ ಉಂಗುರ ತೊಡಿಸುವ ದಿನ ಗೊತ್ತಾಯಿತು. ಬೀಗರನ್ನು ತಾನೇ ಕರೆತರುವುದೆಂದು ಸನಾವುಲ್ಲಾ ಹಿಂದಿನ ದಿನವೇ ಗಾಡಿ ತೊಳೆದ. ಬೂದಿ ಚೀಲ, ಮರಳು ಮೂಟೆ, ಚಕ್ರಕ್ಕೆ ಕಟ್ಟುವ ಸರಪಳಿ ಎಲ್ಲವನ್ನೂ ದನದ ಕೊಟ್ಟಿಗೆಗೆ ಸಾಗಿಸಿದ. ಸೀಟಿನ ಮೇಲೆ ಜೈತೂನಾಳ ತವರಿನ ಹೂಬುಟ್ಟಾದ ಕಂಬಳಿ ಹಾಸಿದ. ಬೆಳಿಗ್ಗೆ ಹಾಜ್ರಾ ಎರಡು ಬೂದಿ ಚೀಲ ತಂದು ಮತ್ತೆ ಗಾಡಿಯೊಳಗಿಡಲು ಹೋದಾಗ ಅವನು ಅಡ್ಡ ಬಂದ.

“ಬೀಗ್ರ ಕಾಲಬುಡದಲ್ಲಿ ಬೂದಿ ಇಡ್ತಾರೇನೇ?”

“ಹಿಮ ಬಿದ್ರೆ ಏನ್ಮಾಡ್ತೀಯ ಅಬ್ಬಾ?”

“ಚಳಿಗಾಲ ಇನ್ನೂ ಬಾಗಿಲಿಗೇ ಬಂದಿಲ್ಲ. ನೀನು ಒಳಗೆ ಹೋಗಿ ಕೈ ತೊಳ್ಕೋ.”

ಚಳಿಗಾಲ ಬಾಗಿಲು ತಟ್ಟಿ ಬರುವಂಥದ್ದಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು! ಆದರೂ ಬರಿಗಾಡಿ ಓಡಿಸಿಕೊಂಡು ಹೋದ.

ಕುಪ್ವಾರದಲ್ಲಿ ಹಾಜಿ ಸಾಹೇಬರನ್ನು ಎರಡೂ ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿಸಿದ. ಮುಂದಿನ ಸೀಟು ಎಂದರೆ ನಮ್ಮಲ್ಲಿ ಹಿರಿಯರ ಪೀಠ. ಹಿಂದೆ ಹುಡುಗನ ಸೋದರಮಾವ, ಗಾಳಿ ಬಂದರೆ ಹಾರಿಹೋಗುವಂಥ ಕಡ್ಡಿ ಮನುಷ್ಯ, ಜೊತೆಗೆ ಸಿಹಿಯ ತಟ್ಟೆಗಳನ್ನು ಹಿಡಿದ ಇಬ್ಬರು ಹೆಂಗಸರು. ಘಾಟಿಯ ಬುಡ ಮುಟ್ಟುವ ಹೊತ್ತಿಗೆ ಮೋಡ ಇಳಿದು ಹಿಮ ಶುರುವಾಯಿತು. ಮೊದಲ ತಿರುವು ದಾಟಿದರು, ಎರಡನೆಯದನ್ನೂ ದಾಟಿದರು. ಮೂರನೆಯ ತಿರುವಿನಲ್ಲಿ ಬಿಸಿಲು ಬೀಳುವುದೇ ಇಲ್ಲ. ಅಲ್ಲಿ ಬೆಟ್ಟದ ನೀರು ಮೊದಲೇ ಹರಿದು ಗಾಜಿನಂತೆ ಗಟ್ಟಿಯಾಗಿತ್ತು, ಅದರ ಮೇಲೆ ಹೊಸ ಹಿಮ. ಚಕ್ರ ಗಿರ್ರೆಂದಿತು. ಬಾಲ ಮೆಲ್ಲಗೆ ಪ್ರಪಾತದ ಕಡೆ ಜಾರಿತು. ಹಿಂದಿನ ಹೆಂಗಸರು ದೇವರನ್ನು ನೆನೆದರು.

ಸನಾವುಲ್ಲಾ ಗಾಡಿಯನ್ನು ಹೇಗೋ ಗುಡ್ಡಕ್ಕೆ ಆನಿಸಿ ನಿಲ್ಲಿಸಿ, ಇಳಿದು, ಚಕ್ರಗಳಿಗೆ ಕಲ್ಲು ಕೊಟ್ಟ. ಹಿಂದಕ್ಕೆ ಹೋಗೋಣವೆಂದರೆ, ಉಂಗುರ ಹಿಡಿದು ಹೊರಟ ಬೀಗರು ಅರ್ಧ ದಾರಿಯಿಂದ ತಿರುಗಿದರೆ ಆ ಸಂಬಂಧ ಮತ್ತೆ ಕೂಡದು ಎಂಬುದು ಊರಿಗೇ ಗೊತ್ತು. ಮುಂದಕ್ಕೆ ಹೋಗಬೇಕೆಂದರೆ ಭಾರ ಹಿಂದೆ ಬೇಕು, ಮತ್ತು ಭಾರವೆಲ್ಲ ಹೂಬುಟ್ಟಾದ ಕಂಬಳಿಯ ಮೇಲೆ ಮುಂದೆ ಕೂತಿತ್ತು. ಗಾಡಿಯ ತೀರಾ ಹಿಂಬದಿಯ ಅಡ್ಡಬೆಂಚು, ಸರಿಯಾಗಿ ಚಕ್ರದ ಮೇಲಿರುವುದು, ಕೋಳಿ ಬುಟ್ಟಿ ಇಡುವ ಜಾಗ. ಅಲ್ಲಿ ಕೂರಿ ಎಂದು ಹಾಜಿ ಖಾಲಿಕ್ ಬಾಂಡೆಗೆ ಹೇಳುವುದೂ ಒಂದೇ, ಮಗಳ ಮದುವೆಯನ್ನು ತಾನೇ ಪ್ರಪಾತಕ್ಕೆ ತಳ್ಳುವುದೂ ಒಂದೇ. ಹಾಜ್ರಾ ಬೆಳಿಗ್ಗೆ ಚೀಲ ಹಿಡಿದು ನಿಂತಿದ್ದ ರೀತಿ ಕಣ್ಣಿಗೆ ಕಟ್ಟಿತು. ಅವನು ಮುಂದಿನ ಬಾಗಿಲು ತೆರೆದ.

“ಹಾಜಿ ಸಾಹೇಬ್ರೇ, ಇಳೀಬೇಕು. ಹಿಂದಿನ ಬೆಂಚಲ್ಲಿ ಕೂರಬೇಕು.”

ಹಾಜಿ ತಿರುಗಿ ಹಿಂದಿನ ಬೆಂಚಿನತ್ತ ನೋಡಿದರು. “ಕೋಳಿ ಕೂರೋ ಜಾಗಕ್ಕಾ?”

“ಹೌದು. ಕುಪ್ವಾರದಲ್ಲಿ ಮುಂದೆ ಕೂರ್ಸಿದ್ನಲ್ಲ, ಅದು ಬೀಗ ಮಾಡಿದ ತಪ್ಪು. ಈಗ ಕೇಳ್ತಿರೋದು ಡ್ರೈವರು. ನಿಮ್ಮ ಮರ್ಯಾದೆ ಹೋದ್ರೆ ನಿಮ್ಮ ಕಾಲಿಗೆ ಬಿದ್ದು ವಾಪಸ್ ತರ್ತೀನಿ. ಗಾಡಿ ಹೋದ್ರೆ ಯಾರ ಕಾಲಿಗೆ ಬೀಳ್ಲಿ?” ಇನ್ನೊಂದನ್ನೂ ಹೇಳಿದ. “ನಿಮ್ಮ ಕಾಂಗಡಿ ಬೂದೀನೂ ಬೇಕಿತ್ತು.”

ಫೆರನ್ ನಿಲುವಂಗಿಯ ಒಳಗೆ ಹೊಟ್ಟೆಗೊತ್ತಿ ಹಿಡಿದ ಬೆಂಕಿಗಡಿಗೆಯನ್ನು ಅತಿಥಿಯಿಂದ ಕಸಿದುಕೊಳ್ಳುವುದು! ಹಿಂದಿದ್ದ ಸೋದರಮಾವ ಕಣ್ಣು ಮುಚ್ಚಿಕೊಂಡ. ಹಾಜಿ ಕಾಂಗಡಿಯನ್ನು ಚಾಚಿದರು, ಇಳಿದರು, ಹಿಮದಲ್ಲಿ ಕಾಲೂರಿ ನಡೆದು ಹಿಂಬದಿಯಿಂದ ಹತ್ತಿ ಅಡ್ಡಬೆಂಚಿನ ಮೇಲೆ ದೊಪ್ಪನೆ ಕೂತರು. ಸುಮೋ ಆ ಕಡೆ ಒಮ್ಮೆ ಕುಗ್ಗಿತು. ಅವರ ಜಾಗಕ್ಕೆ ಸೋದರಮಾವ ಬಂದ. ಜನ್ಮದಲ್ಲೇ ಯಾರೂ ಅವನನ್ನು ಮುಂದೆ ಕೂರಿಸಿರಲಿಲ್ಲ. ಹೆದರಿಕೆಯಲ್ಲೂ ಅವನ ಮುಖ ಅರಳಿತ್ತು.

ಎಲ್ಲರ ಕಾಂಗಡಿಗಳಿಂದಲೂ ಕೆಂಡ ಬೇರೆ ಮಾಡಿ ಬೂದಿಯನ್ನು ಚಕ್ರದ ಮುಂದೆ ಚೆಲ್ಲಿದ. ಎರಡನೆಯ ಗೇರು. ತೊಟ್ಟಿಲು ಸರಿಸಿದ ಹಾಗೆ ಗಾಡಿ ಮಿಸುಕಿತು, ಬೂದಿಯನ್ನು ಕಚ್ಚಿ ಹಿಡಿಯಿತು, ಒಂದು ಸಲ ಬಾಲ ಅಲ್ಲಾಡಿಸಿ ತಿರುವು ಏರಿತು. ಆಮೇಲೆ ಘಾಟಿ ಮುಗಿಯುವವರೆಗೂ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೂಡ ಬರಲಿಲ್ಲ.

ಮನೆಯಲ್ಲಿ ಚಹಾ ಎಲ್ಲರಿಗಿಂತ ಮೊದಲು ಹಾಜಿ ಸಾಹೇಬರ ಮುಂದೆಯೇ ಇಟ್ಟರು. ಅವರು ಅದನ್ನು ನೋಡಲೂ ಇಲ್ಲ. ನಡೆದದ್ದನ್ನು ಸನಾವುಲ್ಲಾ ಅಡಿಗೆಮನೆಯಲ್ಲಿ ಪಿಸುಗುಟ್ಟಿದಾಗ ಸಂಬಂಧ ಮುರಿಯಿತೆಂದು ಜೈತೂನಾ ಹಣೆ ಚಚ್ಚಿಕೊಂಡಳು. ಹಾಜ್ರಾ ಮಾತ್ರ ಅಪ್ಪನ ಬೂದಿ ಮೆತ್ತಿದ ಕೈಗೆ ಬಿಸಿನೀರು ಹೊಯ್ದಳು, ಏನೂ ಅನ್ನಲಿಲ್ಲ. ಅಂದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಊಟದ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತ ಮೇಲೆ ಹಾಜಿ ಗಂಟಲು ಸರಿಮಾಡಿಕೊಂಡರು.

“ಹುಟ್ಟಿದಾಗಿನಿಂದ ಅಖ್ರೋಟು ತೂಗ್ತಿದೀನಿ. ನನ್ನನ್ನೇ ಮೂಟೆ ತೂಗಿದ ಹಾಗೆ ತೂಗಿ ಇಟ್ಟೋನು ಇವನೊಬ್ನೇ.” ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. “ನನ್ನ ಸಿಟ್ಟಿಗೆ ಹೆದ್ರಿ ಸುಳ್ಳು ಹೇಳಿದೋರನ್ನ ಬೇಕಾದಷ್ಟು ನೋಡಿದೀನಿ. ಇವನು ಹೆದರ್ಕೊಂಡೇ ನಿಜ ಹೇಳ್ದ. ಹುಡುಗೀನ ಕರೀರಿ, ಉಂಗುರ ತಂದಿದೀವಿ.”

ಮದುವೆ ಘಾಟಿ ತೆರೆದ ಮೇಲೆ, ಬಾದಾಮಿ ಹೂಬಿಟ್ಟ ಕಾಲದಲ್ಲಿ. ಊರೆಲ್ಲ ಹಸಿರಾದರೂ ಆ ಮೂರನೆಯ ತಿರುವಿನಲ್ಲಿ ಮಾತ್ರ ಮಂಜುಗಡ್ಡೆ ಕರಗಿರಲಿಲ್ಲ. ಗಂಡಿನ ಕಡೆಯವರು ಪೇಟೆಯಿಂದ ಹೂವಿನಿಂದ ಸಿಂಗರಿಸಿದ ಹೊಸ ಕಾರು ತಂದಿದ್ದರು. ಹೆಂಗಸರು ಹಾಡುತ್ತ, ಕಲ್ಲುಸಕ್ಕರೆ ಎರಚುತ್ತ ಹುಡುಗಿಯನ್ನು ಅದರ ಬಳಿಗೆ ನಡೆಸಿದಾಗ ಹಾಜಿ ಕೈ ಅಡ್ಡ ಹಿಡಿದರು. ಸೊಸೆ ಬರುವುದು ಅವಳಪ್ಪನ ಗಾಡಿಯಲ್ಲಿ ಎಂದರು. ಹೆಣ್ಣಿನ ತಂದೆ ತಾನೇ ಕರೆದೊಯ್ದು ಬಿಡುವ ಪದ್ಧತಿ ಎಲ್ಲಿದೆ ಎಂದು ಯಾರೋ ಗೊಣಗಿದರು. ಹಾಜಿ ಸುಮೋದ ಹಿಂಬಾಗಿಲು ತಾವೇ ತೆರೆದು ಅಡ್ಡಬೆಂಚಿನ ಮೇಲೆ ಕೂತು, ಎದುರಿನ ಬೆಂಚಿಗೆ ರುಮಾಲು ಕಟ್ಟಿದ ಮದುಮಗನನ್ನೂ ಎಳೆದುಕೊಂಡರು. ಮುಂದಿನ ಸೀಟಿನ ರುಚಿ ಕಂಡಿದ್ದ ಸೋದರಮಾವ ಮುಂದಿನ ಬಾಗಿಲಿಗೆ ಕೈ ಹಾಕಿದ್ದ.

“ಬಿಡೋ ಅದನ್ನ,” ಎಂದು ಹಾಜಿ ಒಳಗಿನಿಂದಲೇ ಗದರಿದರು. “ಇಲ್ಲಿ ಎಲ್ಲರಿಗಿಂತ ಹಗುರ ನನ್ನ ಸೊಸೆ. ಮುಂದೆ ಅವಳು ಕೂರ್ಲಿ.”

ಹಾಗೆ ಹಾಜ್ರಾ ಹಿರಿಯರ ಪೀಠದಲ್ಲಿ, ಅಪ್ಪನ ಪಕ್ಕದಲ್ಲಿ ಕೂತಳು. ಜರಿಯ ಬಟ್ಟೆಯ ಅಂಚಿಗೆ, ಅವಳ ಕಾಲ ಬಳಿ, ಎರಡು ಬೂದಿ ಚೀಲಗಳಿದ್ದವು. ಈ ಸಲ ಅವನು ಬೇಡವೆಂದಿರಲಿಲ್ಲ. ಮೂರನೆಯ ತಿರುವಿನಲ್ಲಿ ಗಾಡಿ ಒಂದಿಷ್ಟೂ ಜಾರಲಿಲ್ಲ, ಬೂದಿಯೂ ಬೇಕಾಗಲಿಲ್ಲ. ಅಲ್ಲಿಂದಾಚೆ ದಾರಿ ಒಣಗಿತ್ತು, ಇಳಿಜಾರು, ಸುಮೋ ತಾನಾಗಿ ಓಡಬಹುದಿತ್ತು. ಆದರೂ ಸನಾವುಲ್ಲಾ ಕುಪ್ವಾರ ಕಾಣುವವರೆಗೂ ಎರಡನೆಯ ಗೇರು ಬಿಡಲಿಲ್ಲ. ಹಿಂದಿನಿಂದ ಯಾರೂ ಯಾಕೆಂದು ಕೇಳಲಿಲ್ಲ.